ಇಲಿಯಿಂದ ಮನುಷ್ಯರವರೆಗಿನ ದಾರಿಗೂ ಹಣ ಇಡಿ: ಗಿಡದ ವೈರಸ್‌ನಲ್ಲಿ ಕ್ಯಾನ್ಸರ್ ಔಷಧಿ ಸಾಗಿಸುವ ಕೆಲಸದ ಬಗ್ಗೆ ಒಂದು ಬಹಿರಂಗ ಪತ್ರ

ಕ್ಯಾನ್ಸರ್ ಸಂಶೋಧನೆಗೆ ಹಣ ಹಂಚುವವರಿಗೆ, ಹೊಸ ಔಷಧಿಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರಿಗೆ ನಮಸ್ಕಾರಗಳು.

ನಾನು ಗಿಡಗಳ ವೈರಸ್ ಮೇಲೆ ಕೆಲಸ ಮಾಡುವವಳು. ಕೆಲಸಕ್ಕೆ ಸೇರಿದ ದಿನದಿಂದ ವೈರಸ್ ಅಂದರೆ ನನ್ನ ಪಾಲಿಗೆ ಬೆಳೆ ಹಾಳು ಮಾಡುವ ಶತ್ರು. ಕನ್ನಡದಲ್ಲಿ ಇದಕ್ಕೆ ನಂಜು ರೋಗ ಅಂತಲೇ ಹೆಸರು. ಎಲೆ ಮೇಲೆ ಹಳದಿ ಹಸಿರು ತೇಪೆ ಬಿದ್ದರೆ ನಂಜು, ಎಲೆ ಮುದುಡಿಕೊಂಡರೂ ನಂಜು. ವಿಷಕ್ಕೂ ನಾವು ಅದೇ ಪದ ಬಳಸುತ್ತೇವೆ. ಲ್ಯಾಟಿನ್ ಭಾಷೆಯಲ್ಲೂ ವೈರಸ್ ಅಂದರೆ ಮೊದಲಿಗೆ ವಿಷ ಅಂತಲೇ ಅರ್ಥ ಇತ್ತು.

ಅಕ್ಕನಿಗೆ ಸ್ತನ ಕ್ಯಾನ್ಸರ್ ಬಂದಾಗ ಬೇರೆ ಥರದ ನಂಜು ನೋಡಿದೆ. ಕೀಮೋ ದಿನ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನರ್ಸ್ ಒಂದು ದಪ್ಪ ಸಿರಿಂಜ್ ತಂದರು. ಒಳಗೆ ಕೆಂಪು ಶಾಯಿಯಂಥ ದ್ರವ. ಡಾಕ್ಸೊರುಬಿಸಿನ್ ಅಂತ ಅದರ ಹೆಸರು. ಅದನ್ನು ಸುಮ್ನೆ ಒತ್ತಿಬಿಡುವ ಹಾಗಿಲ್ಲ. ಸ್ವಲ್ಪ ಒತ್ತುವುದು, ನಿಲ್ಲಿಸುವುದು, ಒಮ್ಮೆ ಹಿಂದಕ್ಕೆ ಎಳೆದು ಸೂಜಿ ನರದಲ್ಲೇ ಇದೆಯಾ ಅಂತ ನೋಡುವುದು, ಮತ್ತೆ ಒತ್ತುವುದು. "ಉರೀತಿದೆಯಾ? ಉರಿದರೆ ತಕ್ಷಣ ಹೇಳಿ" ಅಂತ ನಾಲ್ಕೈದು ಸಲ ಕೇಳಿದರು. ನರದಿಂದ ಸ್ವಲ್ಪ ಹೊರಗೆ ಸೋರಿದರೂ ಸುತ್ತಲಿನ ಚರ್ಮ, ಮಾಂಸ ಸುಟ್ಟ ಹಾಗೆ ಆಗುತ್ತದೆ. ಬಾಯಿ ಹುಣ್ಣು ಕಡಿಮೆ ಆಗಲಿ ಅಂತ ಅಕ್ಕ ಐಸ್ ತುಂಡು ಚೀಪುತ್ತಾ ಕಣ್ಣು ಮುಚ್ಚಿಕೊಂಡಿದ್ದಳು. ಸಂಜೆ ಮೂತ್ರ ಕೆಂಪಗೆ ಹೋಯಿತು. ಅದು ಔಷಧಿಯ ಬಣ್ಣ ಅಂತ ಮೊದಲೇ ಹೇಳಿದ್ದರೂ ನಡುಗಿಬಿಟ್ಟಳು.

ಗಡ್ಡೆ ಕರಗುತ್ತಾ ಬಂತು. ಆದರೆ ನಡುವೆ ಎಕೋ ಮಾಡಿಸಿದಾಗ ಹೃದಯದ ಪಂಪಿಂಗ್ ಇಳಿದಿತ್ತು. ಡಾಕ್ಟರ್ ಆ ಔಷಧಿ ನಿಲ್ಲಿಸಿ ಬೇರೆ ದಾರಿ ಹಿಡಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಪೆಟ್ಟು ಕೊಡುತ್ತದೆ ಅನ್ನೋದು ದಶಕಗಳಿಂದ ಗೊತ್ತಿರುವ ವಿಷಯ. ಅದಕ್ಕೇ ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಟ್ಟು ಎಷ್ಟು ಕೊಡಬಹುದು ಅನ್ನೋದಕ್ಕೆ ಮಿತಿ ಇದೆ. ಮೈಯ ಹೊರಮೈ ಅಳತೆಯ ಪ್ರತಿ ಚದರ ಮೀಟರಿಗೆ ಸುಮಾರು 450ರಿಂದ 550 ಮಿಲಿಗ್ರಾಂ. ಕೆಲವರ ಹೃದಯ ಅದಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ.

ಆಗ ಅಕ್ಕ ಕೇಳಿದಳು: "ಗಡ್ಡೆ ಇರೋದು ಇಷ್ಟೇ ಇಷ್ಟು ಜಾಗದಲ್ಲಿ ಅಲ್ವಾ? ಔಷಧಿ ಯಾಕೆ ಮೈಯೆಲ್ಲಾ ಸುತ್ತಬೇಕು?"

ಆ ಪ್ರಶ್ನೆಗೆ ಒಂದು ಉತ್ತರದ ಸುಳಿವು ನಾನು ಕೆಲಸ ಮಾಡುವ ಮೇಜಿನ ಮೇಲೇ ಇತ್ತು. ಅದು ನನಗೆ ಗೊತ್ತಾಗಿದ್ದು ತಡವಾಗಿ.

ಗಿಡದ ವೈರಸ್‌ಗಳಲ್ಲಿ ಹೆಚ್ಚಿನವು ತುಂಬಾ ಸರಳ. ಒಳಗೆ ವೈರಸ್ ನಕಲಾಗುವ ಸೂಚನೆ ಹೊತ್ತ ಒಂದಿಷ್ಟು ಆರ್‌ಎನ್‌ಎ, ಹೊರಗೆ ಪ್ರೋಟೀನಿನ ಚಿಪ್ಪು. ಒಳಗಿನ ಸರಕನ್ನು ಮಳೆ, ಬಿಸಿಲು, ಮಣ್ಣಿನಿಂದ ಕಾಪಾಡಿ, ಜೀವಕೋಶದ ಒಳಗೆ ಹೋದ ಮೇಲಷ್ಟೇ ಬಿಚ್ಚಿಕೊಳ್ಳುವುದು ಈ ಚಿಪ್ಪಿನ ಕೆಲಸ. ಹಾಗಾದರೆ ಸರಕು ಬದಲಾಯಿಸಿ, ಆರ್‌ಎನ್‌ಎ ಜೊತೆಗೋ ಅದರ ಜಾಗದಲ್ಲೋ ಕ್ಯಾನ್ಸರ್ ಔಷಧಿ ತುಂಬಿದರೆ?

ರೆಡ್ ಕ್ಲೋವರ್ ಅನ್ನೋ ಮೇವಿನ ಗಿಡಕ್ಕೆ ಬರುವ ಒಂದು ವೈರಸ್ ನೋಡಿ. ರೆಡ್ ಕ್ಲೋವರ್ ನೆಕ್ರೋಟಿಕ್ ಮೊಸಾಯಿಕ್ ವೈರಸ್ ಅಂತ ಅದರ ಉದ್ದ ಹೆಸರು. ಅಗಲ ಮಾತ್ರ ಸುಮಾರು 36 ನ್ಯಾನೊಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ಇಪ್ಪತ್ತೇಳು ಸಾವಿರಕ್ಕೂ ಜಾಸ್ತಿ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಇದು ಮಣ್ಣಿನ ಮೂಲಕ ಹರಡುವ ವೈರಸ್. ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅಲ್ಲಿ ಚಿಪ್ಪು ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಗಿಡದ ಕೋಶದೊಳಗೆ ಕ್ಯಾಲ್ಸಿಯಂ ತೀರಾ ಕಡಿಮೆ, ಅಲ್ಲಿ ಚಿಪ್ಪಿನ ಕಿಂಡಿಗಳು ತೆರೆದುಕೊಳ್ಳುತ್ತವೆ. ನಮ್ಮ ಮೈಯಲ್ಲೂ ಲೆಕ್ಕ ಅದೇ. ಕೋಶದೊಳಗೆ ಇರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ ಕ್ಯಾಲ್ಸಿಯಂ ರಕ್ತದಲ್ಲಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಇದನ್ನೇ ಹಿಡಿದುಕೊಂಡರು. ಕ್ಯಾಲ್ಸಿಯಂ ತೆಗೆದು ಕಿಂಡಿ ತೆರೆಸಿದರು, ಡಾಕ್ಸೊರುಬಿಸಿನ್ ಒಳಗೆ ಸೇರಿಸಿದರು, ಮತ್ತೆ ಕ್ಯಾಲ್ಸಿಯಂ ಹಾಕಿ ಮುಚ್ಚಿಸಿದರು. ಅಕ್ಕನ ನರಕ್ಕೆ ಹೋದ ಅದೇ ಕೆಂಪು ಔಷಧಿ! ರಕ್ತದಲ್ಲಿ ಮುಚ್ಚಿದ ಬಾಗಿಲು, ಕೋಶದೊಳಗೆ ಹೋದರೆ ತೆರೆದ ಬಾಗಿಲು. ಈ ಬೀಗ ಮಾಡಿದ್ದು ಮನುಷ್ಯರಲ್ಲ. ಗಿಡದಿಂದ ಗಿಡಕ್ಕೆ ಹೋಗುವ ಅವಸರದಲ್ಲಿ ವೈರಸ್ ತಾನೇ ಕಂಡುಕೊಂಡಿದ್ದು.

ಇನ್ನೊಂದು ವೈರಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತಂಬಾಕು ಮೊಸಾಯಿಕ್ ವೈರಸ್. ಜಗತ್ತಿನಲ್ಲಿ ಮೊದಲು ಪತ್ತೆಯಾದ ವೈರಸ್ ಇದೇ. 1892ರಲ್ಲಿ ಡಿಮಿಟ್ರಿ ಇವನೋವ್ಸ್ಕಿ, ರೋಗ ಬಂದ ತಂಬಾಕು ಎಲೆಯ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾಗದ ಸೋಸುಗದಲ್ಲಿ ಸೋಸಿದರು. ಆದರೂ ಆ ರಸ ಹೊಸ ಗಿಡಕ್ಕೆ ರೋಗ ಹಚ್ಚಿತು. 1898ರಲ್ಲಿ ಮಾರ್ಟಿನಸ್ ಬೈಯರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಬೇರೆಯದೇ ಏನೋ ಅಂದರು. ನೋಡಲು ಇದೊಂದು ಕೋಲು. ಉದ್ದ 300 ನ್ಯಾನೊಮೀಟರ್, ದಪ್ಪ 18. ಒಂದೇ ಥರದ 2,130 ಪ್ರೋಟೀನ್ ತುಂಡುಗಳು ಸುರುಳಿಯಾಗಿ ಜೋಡಿಸಿಕೊಂಡು ಈ ಕೋಲು ಆಗಿದೆ. ನಡುವೆ 4 ನ್ಯಾನೊಮೀಟರ್ ಅಗಲದ ಟೊಳ್ಳು.

ಆ ಟೊಳ್ಳು ನಮಗೆ ಗೊತ್ತಾಗಿದ್ದು 1956ರ ಹೊತ್ತಿಗೆ, ಡೊನಾಲ್ಡ್ ಕ್ಯಾಸ್ಪರ್ ಮತ್ತು ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್‌-ರೇ ಕೆಲಸದಿಂದ. ಆರ್‌ಎನ್‌ಎ ಇರುವುದು ಟೊಳ್ಳಿನಲ್ಲಿ ಅಲ್ಲ, ಕೋಲಿನ ಗೋಡೆಯೊಳಗೆ ಹುದುಗಿಕೊಂಡು ಅಂತ ಫ್ರಾಂಕ್ಲಿನ್ ತೋರಿಸಿದರು. ಅದೇ ವರ್ಷ ಅವರಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಪರೇಶನ್, ಚಿಕಿತ್ಸೆ ನಡೆಯುತ್ತಿದ್ದಾಗಲೂ ವೈರಸ್ ಕೆಲಸ ಬಿಡಲಿಲ್ಲ. 1958ರ ಏಪ್ರಿಲ್‌ನಲ್ಲಿ, 37ನೇ ವಯಸ್ಸಿಗೆ ತೀರಿಕೊಂಡರು.

2016ರಲ್ಲಿ ಸಂಶೋಧಕರು ಅದೇ ಟೊಳ್ಳಿಗೆ ಕ್ಯಾನ್ಸರ್ ಔಷಧಿ ತುಂಬಿದರು. ಫಿನಾಂತ್ರಿಪ್ಲಾಟಿನ್ ಅನ್ನೋ ಪ್ಲಾಟಿನಂ ಔಷಧಿ. ಟೊಳ್ಳಿನ ಒಳಗೋಡೆಯಲ್ಲಿ ಋಣ ವಿದ್ಯುತ್, ಔಷಧಿಯಲ್ಲಿ ಧನ ವಿದ್ಯುತ್. ಎರಡನ್ನೂ ನೀರಿನಲ್ಲಿ ಬೆರೆಸಿಟ್ಟರೆ ಔಷಧಿ ತಾನಾಗಿ ಒಳಗೆ ಹೋಗಿ ಅಂಟಿಕೊಳ್ಳುತ್ತದೆ, ಒಂದೊಂದು ಕೋಲಿಗೆ ಸುಮಾರು 2,000 ಅಣು. ಹುಳಿ ಜಾಸ್ತಿ ಇರುವ ಕಡೆ ಬಿಟ್ಟುಕೊಳ್ಳುತ್ತದೆ. ಕ್ಯಾನ್ಸರ್ ಕೋಶ ಒಳಗೆ ಎಳೆದುಕೊಂಡ ಕಣಗಳು ಹೋಗಿ ಸೇರುವ ಪುಟ್ಟ ಚೀಲಗಳು ಹುಳಿಯಾಗಿಯೇ ಇರುತ್ತವೆ. ಇಲಿಗಳ ಸ್ತನ ಕ್ಯಾನ್ಸರ್ ಗಡ್ಡೆಯನ್ನು ಈ ತುಂಬಿದ ಕೋಲು, ಬರೀ ಔಷಧಿಗಿಂತ ಚೆನ್ನಾಗಿ ತಡೆಯಿತು. ಫ್ರಾಂಕ್ಲಿನ್ ಕಾಲದಿಂದ ಇಲ್ಲಿಗೆ 60 ವರ್ಷ.

"ಅಯ್ಯೋ, ಕ್ಯಾನ್ಸರ್ ಇರುವವರ ಮೈಗೆ ವೈರಸ್ ಬಿಡೋದಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಗಿಡದ ವೈರಸ್‌ಗೆ ಮನುಷ್ಯರ ಕೋಶದಲ್ಲಿ ಮರಿ ಹಾಕಲು ಬರುವುದಿಲ್ಲ. ಅದು ಗಿಡದ ಯಂತ್ರಕ್ಕೆ ಒಗ್ಗಿದ ವೈರಸ್. ನಾವು ತಿನ್ನುವ ಸೊಪ್ಪು ತರಕಾರಿಯ ಜೊತೆ ಇಂಥವು ನಮ್ಮ ಹೊಟ್ಟೆಗೆ ಹೋಗಿ ಬರುತ್ತಲೇ ಇವೆ. ಮೆಣಸಿನ ಗಿಡದ ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ ಮನುಷ್ಯರ ಮಲದಲ್ಲಿ ಎಷ್ಟು ಸಾಮಾನ್ಯ ಅಂದರೆ, ನೀರಿಗೆ ಕೊಳಚೆ ಸೇರಿದೆಯಾ ಅಂತ ಪತ್ತೆ ಹಚ್ಚಲು ವಿಜ್ಞಾನಿಗಳು ಅದನ್ನೇ ಗುರುತಾಗಿ ಬಳಸುತ್ತಾರೆ. ಹಾಗಂತ ತಿಂದದ್ದಕ್ಕೂ ನರಕ್ಕೆ ಚುಚ್ಚಿದ್ದಕ್ಕೂ ವ್ಯತ್ಯಾಸ ಇಲ್ಲವೇ? ಖಂಡಿತ ಇದೆ. ರಕ್ತಕ್ಕೆ ಹೋದ ಕಣವನ್ನು ನಮ್ಮ ಮೈಯ ಕಾವಲು ಪಡೆ ಪರಕೀಯ ಅಂತ ಗುರುತು ಹಿಡಿಯುತ್ತದೆ. ಆ ವ್ಯತ್ಯಾಸವನ್ನು ಸರಿಯಾಗಿ ಅಳೆಯಿರಿ ಅಂತಲೇ ನಾನು ಕೇಳುತ್ತಿರುವುದು.

ಈಗ ಕಹಿ ಮಾತು. ನ್ಯಾನೊ ಕಣ, ಅಂದರೆ ಔಷಧಿ ಹೊರುವ ಇಂಥ ಅತಿ ಪುಟ್ಟ ಕಣ, ಗುರಿ ಇಟ್ಟ ಬಾಣ ಅನ್ನುವ ಮಾತು ಬಹಳ ಕೇಳಿದ್ದೇವೆ. 2016ರಲ್ಲೇ ಇನ್ನೊಂದು ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತು. ಎಲ್ಲ ಬಗೆಯ ನ್ಯಾನೊ ಕಣ ಸೇರಿ, ಚುಚ್ಚಿದ್ದರಲ್ಲಿ ಗಡ್ಡೆ ತಲುಪಿದ್ದು ಶೇಕಡಾ 0.7, ಮಧ್ಯಾಂಕದ ಲೆಕ್ಕದಲ್ಲಿ (ಅರ್ಧ ಪ್ರಯೋಗಗಳಲ್ಲಿ ಇದಕ್ಕಿಂತ ಕಡಿಮೆ, ಅರ್ಧದಲ್ಲಿ ಜಾಸ್ತಿ). ಅಂದರೆ ನೂರರಲ್ಲಿ ಒಂದು ಕೂಡ ಅಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಲಿವರ್, ಗುಲ್ಮಗಳ ಪಾಲು. ಇಲಿಯ ಗಡ್ಡೆ ದಿನಗಳಲ್ಲಿ ಬೆಳೆಯುತ್ತದೆ, ಅದರ ರಕ್ತನಾಳ ಸೋರುತ್ತವೆ, ಕಣ ಸುಲಭವಾಗಿ ನುಗ್ಗುತ್ತದೆ. ಮನುಷ್ಯರ ಗಡ್ಡೆ ವರ್ಷಗಟ್ಟಲೆ ಬೆಳೆದದ್ದು, ಅದರ ಸ್ವಭಾವವೇ ಬೇರೆ. ಮೇಲಿಂದ ಆಂಟಿಬಾಡಿಗಳು. ಎರಡನೇ ಸಲ ಚುಚ್ಚಿದಾಗ ಮೈ ಮೊದಲೇ ಸಿದ್ಧವಾಗಿ ಕಣವನ್ನು ಹಿಡಿದು ಹಾಕಬಹುದು. ಕಣದ ಮೇಲೆ ಪಾಲಿಮರ್ ಹೊದಿಕೆ ಹಾಕಿ, ನಮ್ಮ ರಕ್ತದ್ದೇ ಆಲ್ಬುಮಿನ್ ಅನ್ನೋ ಪ್ರೋಟೀನ್ ಅಂಟಿಸಿ ಮರೆಮಾಚುವ ಪ್ರಯತ್ನ ನಡೆದಿದೆ. ದುಂಡಗಿನ ಕಣಕ್ಕಿಂತ ಆಲೂಗಡ್ಡೆ ಗಿಡದ ಪೊಟ್ಯಾಟೊ ವೈರಸ್ ಎಕ್ಸ್‌ನಂಥ ಉದ್ದನೆಯ ದಾರದ ಆಕಾರ ಇಲಿಯ ಗಡ್ಡೆಯೊಳಗೆ ಚೆನ್ನಾಗಿ ನುಸುಳಿದ್ದೂ ಕಂಡಿದೆ. ಆದರೂ ಕ್ಯಾನ್ಸರ್ ಔಷಧಿ ಹೊತ್ತೊಯ್ಯುವ ಗಿಡದ ವೈರಸ್ ಒಂದೂ ಇವತ್ತಿಗೂ ರೋಗಿಗಳ ಬಳಕೆಗೆ ಒಪ್ಪಿಗೆ ಪಡೆದಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮಿಂದ ಹಣ ಕೇಳಲು ನನಗೆ ಮನಸ್ಸಿಲ್ಲ.

ಇಷ್ಟಾದರೂ ಬಿಡಬೇಡಿ ಅನ್ನೋದು ಯಾಕೆ? ಅಲಸಂದೆ ಗಿಡದಿಂದಾಗಿ.

ಅಲಸಂದೆಗೆ ಬರುವ ಕೌಪೀ ಮೊಸಾಯಿಕ್ ವೈರಸ್ ಸುಮಾರು 30 ನ್ಯಾನೊಮೀಟರ್‌ನ ದುಂಡು ಕಣ. ನಿಕೋಲ್ ಸ್ಟೈನ್‌ಮೆಟ್ಜ್, ಸ್ಟೀವನ್ ಫಿಯರಿಂಗ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಕಣದೊಳಗೆ ಔಷಧಿಯೇ ಇರಲಿಲ್ಲ. ಆರ್‌ಎನ್‌ಎ ಕೂಡ ಇಲ್ಲದ ಖಾಲಿ ಚಿಪ್ಪು. ಶ್ವಾಸಕೋಶದಲ್ಲಿ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆ ಇದ್ದ ಇಲಿಗಳ ಶ್ವಾಸಕೋಶಕ್ಕೆ ಅದನ್ನು ಬಿಟ್ಟರು. ಗಡ್ಡೆಯ ಬೆಳವಣಿಗೆ ಕುಗ್ಗಿತು. ಅಂಡಾಶಯ, ಸ್ತನ, ಕರುಳಿನ ಗಡ್ಡೆಗಳ ಇಲಿಗಳಲ್ಲೂ ಪರಿಣಾಮ ಕಂಡಿತು. ಗಡ್ಡೆ ತನ್ನ ಸುತ್ತಲಿನ ಕಾವಲು ಕೋಶಗಳನ್ನು ಮಂಪರು ಹಿಡಿಸಿ ಇಟ್ಟಿರುತ್ತದೆ. ನಡುವೆ ಈ ಪರಕೀಯ ಕಣ ಬಂದು ಬಿದ್ದಾಗ ಅವು ಎಚ್ಚೆತ್ತು, ಗಡ್ಡೆಯನ್ನೂ ಶತ್ರು ಅಂತ ಕಂಡುಕೊಳ್ಳುತ್ತವೆ. ಔಷಧಿ ಸಾಗಿಸಲು ಯಾವ ಗುಣ ತೊಡಕಾಗಿತ್ತೋ, ಇಲ್ಲಿ ಅದೇ ಗುಣ ಕೆಲಸ ಮಾಡಿತು. ಆಮೇಲೆ ತಾನಾಗಿ ಗಡ್ಡೆ ಬಂದಿದ್ದ ಸಾಕುನಾಯಿಗಳ ಚಿಕಿತ್ಸೆಯಲ್ಲೂ ಪ್ರಯೋಗ ನಡೆದು, ಒಳ್ಳೆಯ ಸೂಚನೆ ಕಂಡಿದೆ. ಸಾಗಿಸುವ ಕೆಲಸಕ್ಕೆ ಅಂತ ಹಿಡಿದು ಪಳಗಿಸಿದ ಕಣ ಇಂಥದ್ದೊಂದು ದಾರಿ ತೋರಿಸುತ್ತದೆ ಅಂತ ಮೊದಲು ಯಾರು ಅಂದುಕೊಂಡಿದ್ದರು?

ಈ ಕಣ ತಯಾರಿಸುವುದು ಹೇಗೆ ಅಂತ ನಿಮ್ಮಲ್ಲಿ ಒಬ್ಬರಾದರೂ ಕಣ್ಣಾರೆ ನೋಡಬೇಕು. ಮುಚ್ಚಿದ ಹಸಿರುಮನೆಯಲ್ಲಿ ಅಲಸಂದೆ ಸಸಿ. ಎಲೆ ಮೇಲೆ ಮರಳಿಗಿಂತ ನಯವಾದ ಕಾರ್ಬೊರಂಡಮ್ ಪುಡಿ ಉದುರಿಸುತ್ತೇವೆ. ವೈರಸ್ ಇರುವ ದ್ರವದಲ್ಲಿ ಗ್ಲೌಸ್ ಹಾಕಿದ ಬೆರಳು ಅದ್ದಿ ಮೆಲ್ಲಗೆ ಉಜ್ಜುತ್ತೇವೆ. ಜೋರಾದರೆ ಎಲೆ ಸಾಯುತ್ತದೆ, ಮೆಲ್ಲಗಾದರೆ ಗೀರು ಬೀಳಲ್ಲ, ವೈರಸ್ ಒಳಗೆ ಹೋಗಲ್ಲ. ಬೆರಳಿಗೆ ಅದರ ಹದ ಸಿಗಲು ತಿಂಗಳುಗಳೇ ಬೇಕು. ಹತ್ತು ಹನ್ನೆರಡು ದಿನಕ್ಕೆ ಎಲೆ ತೇಪೆ ತೇಪೆಯಾಗುತ್ತದೆ. ಕಿತ್ತು, ಅರೆದು, ಬಟ್ಟೆಯಲ್ಲಿ ಸೋಸಿ, ಕ್ಲೋರೋಫಾರ್ಮ್‌ನಲ್ಲಿ ಹಸಿರು ಬಿಡಿಸಿ, ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇವೆ. ಸಕ್ಕರೆ ದ್ರಾವಣದ ಕೊಳವೆಗೆ ಕತ್ತಲಲ್ಲಿ ದೀಪ ಹಿಡಿದರೆ ನಡುವೆ ನೀಲಿ ಬಿಳುಪಿನ ಒಂದು ಪಟ್ಟಿ ಕಾಣುತ್ತದೆ. ಅದೇ ವೈರಸ್. ಒಂದು ಗ್ರಾಂ ಎಲೆಯಿಂದ ಹೆಚ್ಚೆಂದರೆ ಸುಮಾರು ಒಂದು ಮಿಲಿಗ್ರಾಂ. ಅಷ್ಟರಲ್ಲೇ ಸುಮಾರು ಒಂದು ಕೋಟಿ ಕೋಟಿ ಕಣ, ಎಲ್ಲವೂ ಒಂದೇ ಅಳತೆ, ಒಂದೇ ಆಕಾರ. ಯಾವ ಕಾರ್ಖಾನೆಯಲ್ಲಿ ಮಾಡಿದ ನ್ಯಾನೊ ಕಣಕ್ಕೂ ಈ ಮಟ್ಟದ ಒಂದೇತನ ಸುಲಭವಲ್ಲ.

ಹಾಗಿದ್ದರೆ ಕೆಲಸ ಎಲ್ಲಿ ನಿಂತಿದೆ? ಇಲಿಗೂ ಮನುಷ್ಯರಿಗೂ ನಡುವೆ. ಹೊಸ ವೈರಸ್‌ಗೆ ಹೊಸ ಔಷಧಿ ತುಂಬಿ, ಇಲಿಯಲ್ಲಿ ಗಡ್ಡೆ ಕುಗ್ಗಿಸಿ ಪ್ರಬಂಧ ಬರೆಯಲು ಹಣ ಸಿಗುತ್ತದೆ. ಹತ್ತನೇ ಬ್ಯಾಚ್ ಕೂಡ ಮೊದಲನೇ ಬ್ಯಾಚ್ ಹಾಗೇ ಇದೆ ಅಂತ ತೋರಿಸಲು ಸಿಗುವುದಿಲ್ಲ. ಫ್ರಿಜ್‌ನಲ್ಲಿ ಒಂದು ವರ್ಷ ಇಟ್ಟರೆ ಔಷಧಿ ಸೋರುತ್ತದಾ ಅಂತ ನೋಡಲು ಸಿಗುವುದಿಲ್ಲ. ಲಿವರ್‌ಗೆ ಹೋದ ಆ ದೊಡ್ಡ ಪಾಲು ಅಲ್ಲಿ ಆರು ತಿಂಗಳಲ್ಲಿ ಏನು ಮಾಡುತ್ತದೆ ಅಂತ ತಿಳಿಯಲೂ ಸಿಗುವುದಿಲ್ಲ. ನಾನೇ ಇಂಥದ್ದೊಂದು ಅರ್ಜಿ ಹಾಕಿದ್ದೆ. "ಇದರಲ್ಲಿ ಹೊಸತೇನೂ ಇಲ್ಲ" ಅಂತ ಒಂದೇ ಸಾಲಿನ ಉತ್ತರ ಬಂತು. ಹೊಸತಿಲ್ಲ, ನಿಜ. ಆದರೆ ಇದು ಗೊತ್ತಾಗದೆ ಯಾವ ಡಾಕ್ಟರ್ ತಾನೇ ರೋಗಿಯ ನರಕ್ಕೆ ಸೂಜಿ ಚುಚ್ಚಬೇಕು?

ಹಣ ಹಂಚುವವರಲ್ಲಿ ನನ್ನ ಮನವಿ: ಈ ನಡುದಾರಿಗೆ ಅಂತಲೇ ಬೇರೆ ನಿಧಿ ತೆಗೆದಿಡಿ. ವಿಷ ಪರೀಕ್ಷೆ, ಬ್ಯಾಚ್ ಹೋಲಿಕೆ, ದಾಸ್ತಾನು ಪರೀಕ್ಷೆ, ಇಷ್ಟೇ ಅದರ ಕೆಲಸ. ಹಣ ಪಡೆದವರು ಸೋತ ಫಲಿತಾಂಶವನ್ನೂ ಪ್ರಕಟಿಸಲೇಬೇಕು ಅಂತ ಷರತ್ತು ಹಾಕಿ. ಹೋಲಿಕೆ ಬರೀ ಔಷಧಿಯ ಜೊತೆ ಮಾತ್ರ ಮಾಡಿದರೆ ಸಾಲದು. ಡಾಕ್ಸೊರುಬಿಸಿನ್ ಅನ್ನು ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ ಡಾಕ್ಸಿಲ್ 1995ರಿಂದಲೇ ಬಳಕೆಯಲ್ಲಿದೆ, ಹೃದಯದ ಮೇಲಿನ ಪೆಟ್ಟನ್ನು ಅದು ತಗ್ಗಿಸಿದೆ. ಗಿಡದ ವೈರಸ್ ಅದಕ್ಕಿಂತ ಮೇಲಾ, ಸಮಾನವಾ, ಕೆಳಗಾ? ಅದೇ ಇಲಿ, ಅದೇ ಗಡ್ಡೆ, ಅದೇ ಡೋಸ್ ಇಟ್ಟು ಹೋಲಿಸಲಿ. ಕೆಳಗೆ ಬಿದ್ದರೆ ಆ ದಾರಿ ಬಿಡೋಣ, ನಾನೇ ಮೊದಲು ಒಪ್ಪುತ್ತೇನೆ.

ಒಪ್ಪಿಗೆ ಕೊಡುವವರಲ್ಲಿ: ಇಂಥ ಕಣ ಯಾವ ಪಟ್ಟಿಗೆ ಸೇರುತ್ತದೆ ಅಂತ ಮೊದಲೇ ಬರೆದು ಹೇಳಿ. ಬರೀ ವಾಹನವಾ, ಔಷಧಿಯಾ, ಜೈವಿಕ ಉತ್ಪನ್ನವಾ? ಅಲಸಂದೆ ಕಣದ ಥರ ವಾಹನವೂ ಔಷಧಿಯೂ ಎರಡೂ ಆಗಬಲ್ಲದ್ದಾದರೆ ಯಾವ ಪರೀಕ್ಷೆ? ಗಿಡದಲ್ಲಿ ಬೆಳೆದದ್ದನ್ನು ನೀವು ಅಳೆಯಲು ಆಗುವುದೇ ಇಲ್ಲ ಅಂತೇನೂ ಇಲ್ಲ. ಕ್ಯಾರೆಟ್ ಕೋಶಗಳಲ್ಲಿ ತಯಾರಾದ ಗೋಶೆ ಅನ್ನೋ ಅಪರೂಪದ ಆನುವಂಶಿಕ ಕಾಯಿಲೆಯ ಔಷಧಿಗೆ ಅಮೆರಿಕ 2012ರಲ್ಲೇ ಒಪ್ಪಿಗೆ ಕೊಟ್ಟಿದೆ. ತಂಬಾಕಿನ ಜಾತಿಯ ಗಿಡದಲ್ಲಿ ಬೆಳೆಸಿದ ವೈರಸ್ ರೂಪದ ಕಣಗಳ ಕೋವಿಡ್ ಲಸಿಕೆ ಕೋವಿಫೆಂಜ್‌ಗೆ ಕೆನಡಾ 2022ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಮರುವರ್ಷವೇ ಆ ಲಸಿಕೆ ತಯಾರಿಸಿದ ಕಂಪನಿಯನ್ನು ಮುಚ್ಚುವ ತೀರ್ಮಾನ ಆಯಿತು. ಹಸಿರುಮನೆ ನಡೆಸಿದ ಕೈಗಳೆಲ್ಲ ಚದುರಿಹೋದರೆ ಆ ಅನುಭವ ಮತ್ತೆ ಮೊದಲಿಂದ ಕಲಿಯಬೇಕು. ಅದಕ್ಕೇ ತಯಾರಿಕೆಯ ಮೂಲ ವಿಧಾನವಾದರೂ ಎಲ್ಲರಿಗೂ ಸಿಗುವ ಹಾಗೆ ಸಾರ್ವಜನಿಕ ಹಣದಲ್ಲಿ ಬೆಳೆಯಲಿ.

ಬೆಳೆ ರೋಗದವಳಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. ಈ ವೈರಸ್‌ಗಳು ಮನುಷ್ಯರಿಗೆ ಸೋಂಕು ತರದಿದ್ದರೂ ಹೊಲಕ್ಕೆ ತರುತ್ತವೆ. ಅಲಸಂದೆಯ ವೈರಸ್ ಎಲೆ ತಿನ್ನುವ ದುಂಬಿಗಳಿಂದ ಹರಡುತ್ತದೆ. ತಂಬಾಕಿನದ್ದು ಬರೀ ಕೈ ತಾಗಿದರೂ ಸಾಕು. ಆಸ್ಪತ್ರೆಯಿಂದ ಹೊರಬೀಳುವ ಕಣ ಗಿಡಕ್ಕೂ ನಿರುಪದ್ರವಿ ಆಗಿರಬೇಕು. ಅತಿನೇರಳೆ ಬೆಳಕಿನಿಂದ ಆರ್‌ಎನ್‌ಎ ಕೆಡಿಸುವುದು, ಇಲ್ಲವೇ ಆರ್‌ಎನ್‌ಎ ಇಲ್ಲದ ಖಾಲಿ ಚಿಪ್ಪನ್ನೇ ಬೆಳೆಸುವುದು, ಎರಡೂ ಇವತ್ತು ಸಾಧ್ಯ. ಇದನ್ನು ನಿಯಮದಲ್ಲೇ ಬರೆಯಿರಿ.

ಈ ಪತ್ರ ಓದುವ ರೋಗಿಗಳಿಗೆ, ಅವರ ಮನೆಯವರಿಗೆ: ದಯವಿಟ್ಟು ಈಗ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ. ಅಲಸಂದೆ ಎಲೆ ತಿಂದರೆ, ರಸ ಕುಡಿದರೆ ಗಡ್ಡೆ ಕರಗುವುದಿಲ್ಲ. ಈ ವಿಜ್ಞಾನದ ಹೆಸರು ಹೇಳಿ ಯಾರಾದರೂ ಪುಡಿ, ಹನಿ ಮಾರಲು ಬಂದರೆ ನಂಬಬೇಡಿ. ಕೀಮೋ ಕಷ್ಟ ಕೊಡುತ್ತದೆ, ಆದರೆ ನನ್ನ ಅಕ್ಕ ಇವತ್ತು ನನ್ನ ಜೊತೆ ಇರುವುದು ಅದರಿಂದಲೇ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ, ಮತ್ತೆ ಹತ್ತುತ್ತಾಳೆ.

ಸೋತದ್ದನ್ನು ತೆರೆದಿಡಿ ಅಂತ ಬೇರೆಯವರಿಗೆ ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವ ಹಾಗಿಲ್ಲ. ಎಲೆ ಕೊಳೆತು ಹೋದ ಬ್ಯಾಚುಗಳು, ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ತಳ ಸೇರಿದ ಬ್ಯಾಚುಗಳು, ಔಷಧಿ ಮೂರೇ ದಿನಕ್ಕೆ ಸೋರಿಹೋದ ಬ್ಯಾಚುಗಳು, ಎಲ್ಲದರ ದಾಖಲೆ ನನ್ನ ನೋಟ್‌ಬುಕ್‌ಗಳಲ್ಲಿದೆ. ಈ ವಾರದಿಂದಲೇ ಅವನ್ನು ಒಂದೊಂದಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕಲು ಶುರು ಮಾಡುತ್ತೇನೆ. ನಿಮ್ಮ ಮುಂದಿನ ಸಭೆಗೆ ಮೊದಲು ನೋಡಿ.

ಇಂತಿ,
ಗಿಡಗಳ ನಂಜು ರೋಗದ ಮೇಲೆ ಕೆಲಸ ಮಾಡುವ ಒಬ್ಬ ಸಂಶೋಧಕಿ